100 ಅಂತ ಹಾಕೋ ಆ ಬಾಕ್ಸು: ಲೈನಿನ ಅಲೆಗೂ ಕೆಳಗಿನ ಮಣ್ಣಿಗೂ ಏನು ಸಂಬಂಧ?

ಪ್ರಶ್ನೆ: ಸರ್, ನಾನು ಪೀಣ್ಯ ಕಡೆ ಒಂದು ರಿಲೇ (ಲೈನಲ್ಲಿ ದೋಷ ಆದ್ರೆ ಕಂಡುಹಿಡಿದು ಬ್ರೇಕರ್ ತೆರೆಸೋ ಸಾಧನ) ಟೆಸ್ಟಿಂಗ್ ಟೀಮ್‌ನಲ್ಲಿ ಎರಡು ವರ್ಷದಿಂದ ಇದೀನಿ. ಲೈನ್ ಪ್ಯಾರಾಮೀಟರ್ ತೆಗೆಯೋ ಸಾಫ್ಟ್‌ವೇರ್‌ನಲ್ಲಿ ಅರ್ಥ್ ರೆಸಿಸ್ಟಿವಿಟಿ, ಅಂದ್ರೆ ಮಣ್ಣು ಕರೆಂಟನ್ನ ಎಷ್ಟು ತಡೆಯತ್ತೆ, ಅಂತ ಒಂದು ಬಾಕ್ಸ್ ಬರತ್ತೆ, ನಮ್ಮಲ್ಲಿ ಎಲ್ರೂ ಕಣ್ಮುಚ್ಚಿಕೊಂಡು 100 ಓಮ್-ಮೀಟರ್ ಹಾಕ್ತಾರೆ. ಮಣ್ಣಿನ ಕಂಡಕ್ಟಿವಿಟಿ ಬದಲಾದ್ರೆ ಓವರ್‌ಹೆಡ್ ಲೈನ್ ಮೇಲೆ ಹೋಗೋ ಅಲೆಗೆ ನಿಜವಾಗ್ಲೂ ಏನಾಗತ್ತೆ? ಬೇಸಿಗೆಗೂ ಮಳೆಗಾಲಕ್ಕೂ ವ್ಯತ್ಯಾಸ ಬರಬೇಕಲ್ವಾ? ಇನ್ನೊಂದು, ಪುಸ್ತಕದಲ್ಲಿ ನೆಲದ ರೆಸಿಸ್ಟೆನ್ಸ್ ಫಾರ್ಮುಲಾದಲ್ಲಿ ಬರೀ ಫ್ರೀಕ್ವೆನ್ಸಿ ಇದೆ, ರೆಸಿಸ್ಟಿವಿಟಿನೇ ಇಲ್ಲ. ಪ್ರಿಂಟ್ ಮಿಸ್ಟೇಕಾ?

ಉತ್ತರ:

ಪ್ರಿಂಟ್ ಮಿಸ್ಟೇಕ್ ಅಲ್ಲ. ನಾನೂ ಓದೋ ಕಾಲದಲ್ಲಿ ಹಂಗೇ ಅನ್ಕೊಂಡು, ಲೈಬ್ರರಿ ಪುಸ್ತಕದಲ್ಲೇ ಪೆನ್ಸಿಲ್‌ನಲ್ಲಿ ರೆಸಿಸ್ಟಿವಿಟಿ ಸೇರಿಸಿ ತಿದ್ದಿದ್ದೆ, ಆಮೇಲೆ ನಾಚಿಕೆ ಆಗಿ ಅಳಿಸಿದೆ. ನಿಮ್ಮ ಮೂರು ಪ್ರಶ್ನೆಲಿ ಇದೇ ಕೊನೇದು, ಆದ್ರೆ ಇದು ಬಗೆಹರಿದ್ರೆ ಉಳಿದ ಎರಡೂ ಅರ್ಧ ಬಗೆಹರಿದಂಗೆ, ಅದಕ್ಕೆ ಅಲ್ಲಿಗೇ ಬರ್ತೀನಿ. ಅದಕ್ಕೂ ಮುಂಚೆ ಒಂದು ಮಾತು ಕ್ಲಿಯರ್ ಮಾಡ್ಕೊಳೋಣ.

ಲೈನ್ ಮಾಮೂಲಾಗಿ ಲೋಡ್ ಹೊತ್ಕೊಂಡು ಓಡ್ತಾ ಇರೋವಾಗ ಕೆಳಗಡೆ ಕೆಂಪುಮಣ್ಣಿದ್ಯೋ ಬಂಡೆ ಇದ್ಯೋ ಅದಕ್ಕೆ ಹೆಚ್ಚುಕಮ್ಮಿ ಸಂಬಂಧನೇ ಇಲ್ಲ. ಮೂರು ಫೇಸಿನ ಕರೆಂಟ್ ಕೂಡಿಸಿದ್ರೆ ಸೊನ್ನೆ, ಒಂದು ಫೇಸಲ್ಲಿ ಹೋಗಿದ್ದು ಇನ್ನೆರಡು ಫೇಸಲ್ಲಿ ವಾಪಸ್ ಬರತ್ತೆ, ನೆಲಕ್ಕೆ ಇಳಿಯೋ ಪ್ರಸಂಗನೇ ಬರಲ್ಲ. ಅಲೆಗಳ ಲೆಕ್ಕದಲ್ಲಿ ಹೇಳೋದಾದ್ರೆ ಮೂರು ಕಂಡಕ್ಟರ್ ಇರೋ ಲೈನಲ್ಲಿ ಅಲೆ ಮೂರು ರೀತಿ ಹೋಗಬಹುದು, ಮೋಡ್ ಅಂತೀವಿ. ಎರಡು ಮೋಡ್‌ನಲ್ಲಿ ಕರೆಂಟು ವೈರ್‌ಗಳ ಮಧ್ಯೆನೇ ಹೋಗಿ ಬರತ್ತೆ, ಇವು ಏರಿಯಲ್ ಮೋಡ್. ಮೂರನೇದ್ರಲ್ಲಿ ಮೂರೂ ವೈರಲ್ಲಿ ಒಂದೇ ದಿಕ್ಕಿಗೆ ಹೋಗಿ ನೆಲದ ಮೂಲಕ ವಾಪಸ್ ಬರತ್ತೆ, ಇದು ಗ್ರೌಂಡ್ ಮೋಡ್. ಮಣ್ಣಿನ ಗುಣ ಅಂತ ನಾವೇನು ಮಾತಾಡ್ತೀವೋ ಅದರಲ್ಲಿ ತೊಂಬತ್ತು ಭಾಗ ಈ ಮೂರನೇದಕ್ಕೆ ಸೇರಿದ್ದು. ಯಾರಾದ್ರೂ ನಿಮ್ಮ ಹತ್ರ ಬಂದು ಮಣ್ಣು ಒಣಗಿದೆ ಅದಕ್ಕೇ ಲೈನ್ ಲಾಸ್ ಜಾಸ್ತಿ ಆಗಿದೆ ಅಂದ್ರೆ ಟೀ ಕುಡಿಸಿ ಕಳಿಸಿ.

ಈಗ ಗ್ರೌಂಡ್ ಮೋಡ್. ಒಂದು ಫೇಸ್ ನೆಲಕ್ಕೆ ಫಾಲ್ಟ್ ಆಗಿದೆ ಅನ್ಕೊಳಿ. ಕರೆಂಟ್ ಮಣ್ಣಿನ ಮೂಲಕ ಸ್ಟೇಷನ್‌ಗೆ ವಾಪಸ್ ಬರಬೇಕು. ಯಾವ ದಾರಿ ಹಿಡಿಯತ್ತೆ? ಡಿಸಿ ಆಗಿದ್ರೆ ಭೂಮಿ ಪೂರ್ತಿ ಹರಡ್ಕೊಂಡು ಬಿಡತ್ತೆ. ನಮ್ಮ ಪಕ್ಕದ ಕೋಲಾರಕ್ಕೆ ಒಡಿಶಾದ ತಾಲ್ಚೇರ್‌ನಿಂದ 2003ರಿಂದ ±500 ಕೆವಿ ಡಿಸಿ ಲೈನ್ ಬರ್ತಿದೆಯಲ್ಲ, ಅಂಥಾದ್ರಲ್ಲಿ ಒಂದು ಪೋಲ್ ಕೈಕೊಟ್ರೆ ನೆಲವನ್ನೇ ವೈರ್ ಥರ ಬಳಸ್ಕೊಳೋದಕ್ಕೆ ಅಂತಲೇ ಎರಡೂ ತುದೀಲಿ ಅರ್ಥ್ ಎಲೆಕ್ಟ್ರೋಡ್ ಹೂತಿರ್ತಾರೆ. ಎಸಿಗೆ ಹಂಗಲ್ಲ. ವಾಪಸ್ ಬರೋ ಕರೆಂಟ್ ಮೇಲಿನ ವೈರಿನಿಂದ ದೂರ ಹೋದಷ್ಟೂ ಲೂಪ್ ದೊಡ್ಡದಾಗತ್ತೆ, ಇಂಡಕ್ಟೆನ್ಸ್ (ಮ್ಯಾಗ್ನೆಟಿಕ್ ಫೀಲ್ಡಿಂದ ಎಸಿ ಕರೆಂಟಿಗೆ ಅಡ್ಡಿ ಮಾಡೋ ಗುಣ) ಏರತ್ತೆ. ಹಂಗಾಗಿ ಇಂಡಕ್ಟೆನ್ಸು ಲೈನ್ ಕೆಳಗೇ ಬಾ ಬಾ ಅಂತ ಎಳೀತಾ ಇರತ್ತೆ, ರೆಸಿಸ್ಟೆನ್ಸು ಹರಡ್ಕೋ ಹರಡ್ಕೋ ಅಂತ ತಳ್ತಾ ಇರತ್ತೆ. ಎರಡರ ಜಗಳ ಎಲ್ಲಿ ರಾಜಿ ಆಗತ್ತೋ ಅಷ್ಟು ಆಳ ಕರೆಂಟ್ ಇಳಿಯತ್ತೆ. ಅದೇ ಸ್ಕಿನ್ ಡೆಪ್ತ್. ಲೆಕ್ಕ ಸುಲಭ: ರೆಸಿಸ್ಟಿವಿಟಿನ ಫ್ರೀಕ್ವೆನ್ಸಿಯಿಂದ ಭಾಗಿಸಿ, ವರ್ಗಮೂಲ ತೆಗೆದು, 503ರಿಂದ ಗುಣಿಸಿ, ಮೀಟರ್‌ನಲ್ಲಿ ಉತ್ತರ ಬರತ್ತೆ. 100 ಓಮ್-ಮೀಟರ್ ಮಣ್ಣು, 50 ಹರ್ಟ್ಜ್ ಹಾಕಿದ್ರೆ ಸುಮಾರು 711 ಮೀಟರ್. 1000 ಓಮ್-ಮೀಟರ್ ಆದ್ರೆ ಎರಡು ಕಿಲೋಮೀಟರ್ ದಾಟತ್ತೆ. ಅದೇ ಸಿಡಿಲಿನ ಸರ್ಜ್‌ನಲ್ಲಿರೋ (ಸರ್ಜ್ ಅಂದ್ರೆ ಹಠಾತ್ತಾಗಿ ಏಳೋ ವೋಲ್ಟೇಜ್ ಅಲೆ) 1 ಮೆಗಾಹರ್ಟ್ಜ್ ಭಾಗ ತಗೊಂಡ್ರೆ 100 ಓಮ್-ಮೀಟರ್‌ಗೆ ಬರೀ 5 ಮೀಟರ್.

ಬೆಂಗಳೂರಲ್ಲಿ ಮನೆ ಕಟ್ಟಿಸಿ ಬೋರ್‌ವೆಲ್ ಹಾಕಿಸಿದವರಿಗೆ ಈ ಸಂಖ್ಯೆಗಳ ಅರ್ಥ ಬೇಗ ಹೊಳೆಯತ್ತೆ. ರಿಗ್ ಗಾಡಿ ಬಂದು ನಿಂತು ಶುರು ಮಾಡಿದಾಗ ಮೊದಲು ಕೆಂಪು ಕೆಸರು ಬರತ್ತೆ, ಆಮೇಲೆ ಹಳದಿ ಬಣ್ಣದ ಕೊಳೆತ ಕಲ್ಲು, ಕೈಯಲ್ಲಿ ಹಿಸುಕಿದ್ರೆ ಪುಡಿ ಆಗತ್ತೆ, ಅಲ್ಲೀವರೆಗೂ ಕೇಸಿಂಗ್ ಪೈಪ್ ಇಳಿಸ್ತಾನೆ. ಗಟ್ಟಿ ಬಂಡೆ ಸಿಕ್ಕ ಮೇಲೆ ಕೇಸಿಂಗ್ ನಿಲ್ಲಿಸ್ತಾನೆ, ಅಲ್ಲಿಂದ ಸಾವಿರ ಅಡಿ ಹೋದ್ರೂ ಬರೀ ಬೂದಿ ಬಣ್ಣದ ಧೂಳು, ಪಕ್ಕದ ಮನೆಯವರ ಒಣಗಾಕಿದ ಬಟ್ಟೆ ಮೇಲೆಲ್ಲಾ. ಆ ಬೂದಿನೇ ಲಾಲ್‌ಬಾಗ್ ಗುಡ್ಡದಲ್ಲಿ ನಾವು ಹತ್ತಿ ಕೂತ್ಕೊಳೋ ಬಂಡೆ, ಪೆನಿನ್ಸುಲಾರ್ ನೈಸ್, ಸುಮಾರು 300 ಕೋಟಿ ವರ್ಷ ಹಳೇದು. ನೀರಿಲ್ಲದ ಗಟ್ಟಿ ಬಂಡೆಯ ರೆಸಿಸ್ಟಿವಿಟಿ ಸಾವಿರಗಟ್ಟಲೆ ಓಮ್-ಮೀಟರ್ ಇರತ್ತೆ, ಮೇಲಿನ ಒದ್ದೆ ಕೆಂಪುಮಣ್ಣು ನೂರರ ಆಸುಪಾಸಲ್ಲಿ ಇರಬಹುದು. ಅಂದ್ರೆ 50 ಹರ್ಟ್ಜ್ ಫಾಲ್ಟ್ ಕರೆಂಟ್ ಓಡಾಡೋದು ಕೇಸಿಂಗ್ ಕೆಳಗಿನ ಬೂದಿ ಧೂಳಿನ ಪ್ರಪಂಚದಲ್ಲಿ. ಸಿಡಿಲಿನ ಸರ್ಜ್ ಓಡಾಡೋದು ಕೇಸಿಂಗ್ ಪೈಪ್ ಇಳಿಯೋ ಆಳದ ಕೆಂಪುಮಣ್ಣಲ್ಲಿ. ಲೈನ್ ಒಂದೇ, ಜಾಗ ಒಂದೇ, ಆದ್ರೆ ಎರಡಕ್ಕೂ ಕಾಣೋ ಮಣ್ಣು ಬೇರೆ ಬೇರೆ. ನಿಮ್ಮ ಸಾಫ್ಟ್‌ವೇರ್ ಮಾತ್ರ ಒಂದೇ ಬಾಕ್ಸ್ ಕೊಟ್ಟು ಕೂತಿದೆ, ನನ್ನ ತಕರಾರು ಇರೋದೇ ಅಲ್ಲಿ.

ಸರಿ, ಆ ಫಾರ್ಮುಲಾ. 50 ಹರ್ಟ್ಜ್‌ಗೆ ನೆಲದ ದಾರಿಯ ರೆಸಿಸ್ಟೆನ್ಸ್ ಕಿಲೋಮೀಟರ್‌ಗೆ ಸುಮಾರು 0.05 ಓಮ್, ಮಣ್ಣು ಯಾವುದೇ ಇರಲಿ. ಹೆಂಗೆ ಸಾಧ್ಯ? ಮಣ್ಣು ಹತ್ತು ಪಟ್ಟು ಕೆಟ್ಟದಾಯ್ತು ಅನ್ಕೊಳಿ. ಸ್ಕಿನ್ ಡೆಪ್ತ್ ಹತ್ತರ ವರ್ಗಮೂಲದಷ್ಟು, ಅಂದ್ರೆ 3.16 ಪಟ್ಟು ಜಾಸ್ತಿ ಆಗತ್ತೆ. ಕರೆಂಟ್ ಆಳದಲ್ಲೂ ಅಷ್ಟು ಪಟ್ಟು ಹರಡತ್ತೆ, ಅಗಲದಲ್ಲೂ ಅಷ್ಟು ಪಟ್ಟು ಹರಡತ್ತೆ, ಎರಡೂ ಗುಣಿಸಿದ್ರೆ ಹರಿಯೋ ಜಾಗ ಹತ್ತು ಪಟ್ಟು. ಮಣ್ಣು ಹತ್ತು ಪಟ್ಟು ಕೆಟ್ಟದು, ಜಾಗ ಹತ್ತು ಪಟ್ಟು ದೊಡ್ಡದು, ಅದಕ್ಕೂ ಇದಕ್ಕೂ ಸರಿಹೋಯ್ತು. ಔಟರ್ ರಿಂಗ್ ರೋಡ್ ಹಾಳಾಗಿದ್ರೆ ಗಾಡಿಗಳು ಪಕ್ಕದ ಲೇಔಟಿನ ಹತ್ತು ಗಲ್ಲಿಗೆ ನುಗ್ಗಿ ಹೆಂಗೋ ಮನೆ ಸೇರ್ಕೊಳತ್ವಲ್ಲ, ಅದೇ ಕಥೆ. ಗಲ್ಲಿಯವರ ಶಾಪ ಬೇರೆ.

ಹಾಗಾದ್ರೆ ಮಣ್ಣಿನ ಪ್ರಭಾವ ಎಲ್ಲಿ ಹೋಯ್ತು ಅಂದ್ರೆ ಇಂಡಕ್ಟೆನ್ಸ್‌ಗೆ ಹೋಯ್ತು. ಕರೆಂಟ್ ಆಳಕ್ಕೆ ಇಳಿದಷ್ಟೂ ಲೂಪ್ ದೊಡ್ಡದಾಯ್ತಲ್ಲ. ಲೆಕ್ಕ ಹಾಕೋವಾಗ ವಾಪಸ್ ಬರೋ ಕರೆಂಟನ್ನ ಲೈನಿನಿಂದ ಇಷ್ಟು ಕೆಳಗೆ ಹೂತಿರೋ ಒಂದು ಕಾಲ್ಪನಿಕ ವೈರ್ ಅನ್ಕೋತೀವಿ, ಆ ದೂರ 100 ಓಮ್-ಮೀಟರ್‌ಗೆ 931 ಮೀಟರ್, 1000ಕ್ಕೆ 2945 ಮೀಟರ್. ಆದ್ರೆ ಇದು ಫಾರ್ಮುಲಾದಲ್ಲಿ ಲಾಗರಿದಮ್ ಒಳಗೆ ಕೂತಿರೋದ್ರಿಂದ ಹತ್ತು ಪಟ್ಟು ಮಣ್ಣು ಬದಲಾದ್ರೂ ಪ್ರತಿ ಕಿಲೋಮೀಟರ್ ಲೂಪಿಗೆ 0.072 ಓಮ್ ಮಾತ್ರ ಏರತ್ತೆ. ಇಷ್ಟೇನಾ ಅನ್ಬೇಡಿ. ಜೀರೋ ಸೀಕ್ವೆನ್ಸ್‌ನಲ್ಲಿ, ಅಂದ್ರೆ ಮೂರೂ ಫೇಸಿನ ಕರೆಂಟ್ ಒಟ್ಟಿಗೆ ನೆಲದಲ್ಲಿ ವಾಪಸ್ ಬರೋ ಲೆಕ್ಕದಲ್ಲಿ, ಇದು ಮೂರು ಪಟ್ಟಾಗಿ ಬರತ್ತೆ, ಅಲ್ಲೇ ನಿಮ್ಮ ಕೆಲಸಕ್ಕೆ ಕೈ ಹಾಕೋದು.

ಈ ಲೆಕ್ಕವನ್ನ ಮೊದಲು ಸರಿಯಾಗಿ ಮಾಡಿಟ್ಟವರು ಅಮೆರಿಕದ ಜಾನ್ ಕಾರ್ಸನ್, 1926ರಲ್ಲಿ. ಅದೇ ವರ್ಷ ಯುರೋಪಲ್ಲಿ ಫೆಲಿಕ್ಸ್ ಪೊಲಾಚೆಕ್ ಕೂಡ ಬೇರೆಯಾಗೇ ಇದನ್ನ ಬಿಡಿಸಿದ್ರು. ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಲೈನ್ ಎಳೆದು ಕರೆಂಟ್ ಕೊಟ್ಟಿದ್ದು 1902ರಲ್ಲಿ, ಅಂದ್ರೆ ನಮ್ಮವರು ನೂರ ನಲವತ್ತು ಕಿಲೋಮೀಟರ್ ಮೇಲಿನ ಲೈನು ನಡೆಸೋಕೆ ಶುರು ಮಾಡಿ 24 ವರ್ಷ ಆದ ಮೇಲೆ ನೆಲದೊಳಗೆ ಕರೆಂಟ್ ಹೆಂಗೆ ಬರತ್ತೆ ಅನ್ನೋ ಫಾರ್ಮುಲಾ ಬಂತು. ಕಾರ್ಸನ್ ತಗೊಂಡ ಊಹೆಗಳು ಮಾತ್ರ ನೆನಪಿರಲಿ: ಭೂಮಿ ಸಪಾಟು, ಎಲ್ಲಾ ಕಡೆ ಒಂದೇ ಮಣ್ಣು, ಲೈನು ನೇರ. ನಮ್ಮ ರಾಮನಗರದ ಕಡೆ ಹೋಗಿ ನೋಡಿದ್ರೆ ಇದರಲ್ಲಿ ಒಂದೂ ಉಳಿಯಲ್ಲ, ಆದ್ರೂ ಫಾರ್ಮುಲಾ ಚೆನ್ನಾಗೇ ಕೆಲಸ ಮಾಡತ್ತೆ, ಕಾರಣ ಆ ಲಾಗರಿದಮ್ಮೇ. ಅದು ನಮ್ಮ ಅರ್ಧ ತಪ್ಪನ್ನ ನುಂಗ್ಕೊಳತ್ತೆ.

ಉಳಿದ ಅರ್ಧ ನುಂಗಲ್ಲ ಅನ್ನೋದಕ್ಕೆ ನನ್ನದೇ ಒಂದು ರಾತ್ರಿ ಹೇಳ್ತೀನಿ, ಸ್ಟೇಷನ್ ಹೆಸರು ಬೇಡ. 220 ಕೆವಿ ಸಿಂಗಲ್ ಸರ್ಕ್ಯೂಟ್, 60 ಕಿಲೋಮೀಟರ್. ಏಪ್ರಿಲ್ ತಿಂಗಳು, ಮಾವಿನ ಮಳೆ ಗುಡುಗ್ತಾ ಇತ್ತು, ಲೈನ್ ಟ್ರಿಪ್ ಆಯ್ತು. ಆ ಕಡೆ ತುದಿಯ ಬ್ರೇಕರ್ ಬೇರೆ ಕೆಲಸಕ್ಕೆ ಮೊದಲೇ ಓಪನ್ ಇತ್ತು, ಹಂಗಾಗಿ ಕರೆಂಟ್ ಒಂದೇ ಕಡೆಯಿಂದ ಹೋಗ್ತಿದ್ದಿದ್ದು. ರಿಲೇ 44 ಕಿಲೋಮೀಟರ್ ಅಂತು. ಗ್ಯಾಂಗ್ ಅಲ್ಲಿಗೆ ಹೋಗಿ ಟಾರ್ಚ್ ಬಿಟ್ಟು ನೋಡಿ ನೋಡಿ ಏನೂ ಸಿಗಲಿಲ್ಲ, ಟವರ್ ಹತ್ತಿ ಇಳಿದು ಹತ್ತಿ ಇಳಿದು ಬೆಳಗಾಯ್ತು. ಒಬ್ಬ ಹಳೇ ಲೈನ್‌ಮನ್ ಮೊದಲಿಂದ ಹೇಳ್ತಾನೇ ಇದ್ದ, ಸಾರ್ ಸಿಡಿಲು ಬಡಿದಿದ್ದು ಗುಡ್ಡದ ಈಚೆ ಕಡೆ, ನಾನೇ ನೋಡಿದೀನಿ ಅಂತ. ನಾನು ರಿಲೇ ನಂಬಿದೆ, ಅವನನ್ನ ನಂಬಲಿಲ್ಲ. ಕೊನೆಗೆ ಸಿಕ್ಕಿದ್ದು 40ನೇ ಕಿಲೋಮೀಟರ್ ಹತ್ರ, ಡಿಸ್ಕ್ ಸ್ಟ್ರಿಂಗ್‌ನ (ವೈರನ್ನ ಟವರಿಗೆ ತೂಗಿಸೋ ಇನ್ಸುಲೇಟರ್ ಸರದ) ಮೇಲಿಂದ ಎರಡನೇ ಡಿಸ್ಕಲ್ಲಿ ಅಡಿಕೆ ಅಗಲದ ಕಲೆ, ಗ್ಲೇಜ್ ಸುಟ್ಟು ಒಳಗಿನ ಬಿಳಿ ಕಾಣ್ತಿತ್ತು. ನಾಲ್ಕು ಕಿಲೋಮೀಟರ್ ಅಂದ್ರೆ ಮುನ್ನೂರು ಮೀಟರ್ ಸ್ಪಾನ್ ಲೆಕ್ಕದಲ್ಲಿ ಹದಿಮೂರು ಟವರ್.

ಆಫೀಸಿಗೆ ಬಂದು ಕೂತು ಲೆಕ್ಕ ಹಾಕಿದೆ. ಲೈನಿನ ಪಾಸಿಟಿವ್ ಸೀಕ್ವೆನ್ಸ್ ರಿಯಾಕ್ಟೆನ್ಸ್ (ಮಾಮೂಲು ಮೂರು ಫೇಸಿನ ಕರೆಂಟಿಗೆ ಇಂಡಕ್ಟೆನ್ಸ್ ಒಡ್ಡೋ ಅಡ್ಡಿ) ಕಿಲೋಮೀಟರ್‌ಗೆ 0.4 ಓಮ್. ಮಣ್ಣು 100 ಅಂತ ಹಾಕಿದಾಗ ಜೀರೋ ಸೀಕ್ವೆನ್ಸ್ 1.34, ಇವೆರಡರ ವ್ಯತ್ಯಾಸವನ್ನ ಪಾಸಿಟಿವ್‌ನ ಮೂರು ಪಟ್ಟಿಂದ ಭಾಗಿಸಿದ್ರೆ ಕೆ-ಜೀರೋ (ನೆಲದ ಫಾಲ್ಟಿನ ದೂರ ಲೆಕ್ಕ ಹಾಕೋಕೆ ರಿಲೇಲಿ ಕೂರಿಸೋ ಸಂಖ್ಯೆ) 0.78 ಬರತ್ತೆ, ರಿಲೇಲಿ ಅದೇ ಕೂತಿತ್ತು. ಆ ಲೈನ್ ಹೋಗೋದು ಪೂರ್ತಿ ಬಂಡೆ ಮೇಲೆ. 1000 ಹಾಕಿದ್ರೆ ಜೀರೋ ಸೀಕ್ವೆನ್ಸ್ 1.55, ಕೆ-ಜೀರೋ 0.96. ನೆಲದ ಫಾಲ್ಟಿಗೆ ರಿಲೇ ನೋಡೋ ದೂರ ಒಂದಕ್ಕೆ ಕೆ-ಜೀರೋ ಕೂಡಿಸಿದ ಸಂಖ್ಯೆ ಮೇಲೆ ನಿಂತಿರತ್ತೆ, 1.96ನ್ನ 1.78ರಿಂದ ಭಾಗಿಸಿ, 1.1 ಬರತ್ತೆ. 40ಕ್ಕೆ 44. ಅಷ್ಟು ನೀಟಾಗಿ ಕೂತ್ಕೊಳ್ತು ಅಂದ್ರೆ ನನಗೇ ಅನುಮಾನ ಬಂತು, ಯಾಕಂದ್ರೆ ಸಾಮಾನ್ಯವಾಗಿ ಟವರ್ ಫೂಟಿಂಗ್ (ಟವರಿನ ಬುಡ) ರೆಸಿಸ್ಟೆನ್ಸು, ಆ ಕಡೆಯಿಂದ ಬರೋ ಕರೆಂಟು, ಪಕ್ಕದ ಸರ್ಕ್ಯೂಟಿನ ಕರೆಂಟು ಇದರಲ್ಲಿ ಹುಟ್ಟಿಸೋ ಮ್ಯೂಚುವಲ್ ವೋಲ್ಟೇಜು ಎಲ್ಲಾ ಸೇರಿ ಕಲಸುಮೇಲೋಗರ ಆಗಿರತ್ತೆ, ಬರೀ ಮಣ್ಣಿನ ತಲೆಗೆ ಕಟ್ಟೋಕೆ ಆಗಲ್ಲ. ಆಮೇಲೆ ಔಟೇಜ್ ತಗೊಂಡು ಲೈನಿಗೆ ಕರೆಂಟ್ ಇಂಜೆಕ್ಟ್ ಮಾಡಿ ಅಳೆಸಿದ್ವಿ, ಕೆ-ಜೀರೋ 0.9ರ ಮೇಲೇ ಬಂತು. ಇದೇ ತಪ್ಪಿಂದ ಝೋನ್ 1 (ರಿಲೇ ತಡ ಮಾಡದೇ ಟ್ರಿಪ್ ಕೊಡೋ ಭಾಗ) ಲೈನಿನ ಎಂಬತ್ತು ಪರ್ಸೆಂಟ್ ಕಾಯ್ತಿದೆ ಅನ್ಕೊಂಡಿದ್ದು ನೆಲದ ಫಾಲ್ಟಿಗೆ ಎಪ್ಪತ್ತೆರಡು ಎಪ್ಪತ್ಮೂರೇ ಕಾಯ್ತಿತ್ತು ಇಷ್ಟು ವರ್ಷ. ಉಲ್ಟಾ ಕೇಸ್ ಇನ್ನೂ ಅಪಾಯ, ಒಳ್ಳೆ ಮಣ್ಣಿರೋ ಕಡೆ ಜಾಸ್ತಿ ರೆಸಿಸ್ಟಿವಿಟಿ ಹಾಕಿಟ್ರೆ ರಿಲೇ ಮುಂದಿನ ಸ್ಟೇಷನ್ ದಾಟಿ ಕೈ ಚಾಚತ್ತೆ.

ಇದೆಲ್ಲಾ 50 ಹರ್ಟ್ಜ್ ಮಾತು, ನೀವು ಕೇಳಿದ್ದು ಅಲೆ ಬಗ್ಗೆ. ನಿಜ ಹೇಳಬೇಕು ಅಂದ್ರೆ 50 ಹರ್ಟ್ಜ್‌ನ ಅಲೆಯುದ್ದ 6000 ಕಿಲೋಮೀಟರ್, ಸೋಮನಹಳ್ಳಿಯಿಂದ ಹೂಡಿಗೆ ಅಲೆ ಅಲೆ ಅಂತ ಯೋಚಿಸೋ ಅಗತ್ಯ ಇಲ್ಲ. ಅಲೆ ಅನ್ನೋದು ಮೈಗೆ ತಾಗೋದು ಸಿಡಿಲು, ಸ್ವಿಚಿಂಗ್ ಸರ್ಜ್, ಕ್ಯಾರಿಯರ್ ಸಿಗ್ನಲ್ (ಪವರ್ ಲೈನ್ ಮೇಲೇ ಕಳಿಸೋ ಸಂದೇಶ) ಇಂಥ ಕಡೆ.

ಅಲ್ಲಿ ಮಣ್ಣು ಎರಡು ಕೆಲಸ ಮಾಡತ್ತೆ, ಅಲೆನ ನಿಧಾನ ಮಾಡತ್ತೆ, ಸವೆಸತ್ತೆ. ನಿಧಾನ ಯಾಕೆ ಅಂದ್ರೆ ಎಲೆಕ್ಟ್ರಿಕ್ ಫೀಲ್ಡು ನೆಲ ಮುಟ್ಟಿದ ತಕ್ಷಣ ನಿಂತುಬಿಡತ್ತೆ, ಹಂಗಾಗಿ ಕೆಪಾಸಿಟೆನ್ಸ್‌ಗೆ (ಎಲೆಕ್ಟ್ರಿಕ್ ಫೀಲ್ಡಲ್ಲಿ ಚಾರ್ಜ್ ಹಿಡಿದಿಡೋ ಗುಣಕ್ಕೆ) ಮಣ್ಣು ಎಂಥದಾದ್ರೂ ಒಂದೇ. ಮ್ಯಾಗ್ನೆಟಿಕ್ ಫೀಲ್ಡು ಮಾತ್ರ ನೆಲದೊಳಗೆ ಸ್ಕಿನ್ ಡೆಪ್ತ್‌ವರೆಗೂ ಇಳಿಯತ್ತೆ. ಇಂಡಕ್ಟೆನ್ಸ್ ಜಾಸ್ತಿ, ಕೆಪಾಸಿಟೆನ್ಸ್ ಅಷ್ಟೇ, ವೇಗ ಎರಡರ ಗುಣಲಬ್ಧದ ವರ್ಗಮೂಲಕ್ಕೆ ಉಲ್ಟಾ, ಅಂದ್ಮೇಲೆ ವೇಗ ಇಳೀಲೇಬೇಕು. ಏರಿಯಲ್ ಮೋಡ್ ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರ್‌ಗೆ ಒಂಚೂರು ಕಮ್ಮಿ ಓಡಿದ್ರೆ, ಮೇಲೆ ಹೇಳಿದ 220 ಕೆವಿ ಲೈನಿನ ಲೆಕ್ಕದಲ್ಲಿ 50 ಹರ್ಟ್ಜ್ ಗ್ರೌಂಡ್ ಮೋಡ್ ಎರಡು ಲಕ್ಷ ಚಿಲ್ಲರೆಗೆ ಬಂದು ನಿಲ್ಲತ್ತೆ. ಫ್ರೀಕ್ವೆನ್ಸಿ ಏರಿದಷ್ಟೂ ಸ್ಕಿನ್ ಡೆಪ್ತ್ ಕಮ್ಮಿ ಆಗತ್ತೆ, ವೇಗ ಏರತ್ತೆ. ಒಂದು ಸರ್ಜ್ ಒಳಗೆ ಎಲ್ಲಾ ಫ್ರೀಕ್ವೆನ್ಸಿನೂ ಕಲಸಿಕೊಂಡು ಇರತ್ತಲ್ಲ, ಅವು ಬೇರೆ ಬೇರೆ ವೇಗದಲ್ಲಿ ಓಡಿದ್ರೆ ಏನಾಗತ್ತೆ ಅನ್ನೋದನ್ನ ನೋಡೋಕೆ ನಿಮ್ಮ ಪೀಣ್ಯದ ಸಿಗ್ನಲ್ಲೇ ಸಾಕು. ಹಸಿರು ಬಿದ್ದಾಗ ಬೈಕು ಕಾರು ಬಸ್ಸು ಲಾರಿ ಎಲ್ಲಾ ಒಂದೇ ಗೋಡೆ ಥರ ಹೊರಡ್ತಾವೆ, ನೆಲಮಂಗಲ ಮುಟ್ಟೋ ಹೊತ್ತಿಗೆ ಬೈಕ್ ಮುಂದೆ ಲಾರಿ ಹಿಂದೆ ಆಗಿ ಗೋಡೆ ಅನ್ನೋದೇ ಉಳಿದಿರಲ್ಲ. ಗ್ರೌಂಡ್ ಮೋಡ್ ಸರ್ಜಿನ ಚೂಪಾದ ಮುಂಭಾಗ ಹಿಂಗೇ ಎಳೆದು ಬಗ್ಗಡ ಆಗೋದು, ಮಣ್ಣು ಕೆಟ್ಟದಾದಷ್ಟೂ ಬೇಗ.

ಸವೆತದ ವಿಷಯ ಇನ್ನೂ ಮಜಾ, ಯಾಕಂದ್ರೆ ಆ ರೆಸಿಸ್ಟೆನ್ಸ್‌ಗೂ ಮಣ್ಣಿಗೂ ಸಂಬಂಧ ಇಲ್ಲ ಅಂತ ಈಗಷ್ಟೇ ಹೇಳಿದ್ದು ಇಲ್ಲಿ ಸುಳ್ಳಾಗತ್ತೆ. ಸ್ಕಿನ್ ಡೆಪ್ತ್ ಲೈನಿನ ಎತ್ತರಕ್ಕಿಂತ ಕಮ್ಮಿ ಆದಾಗ, ನೆಲದಲ್ಲಿ ಕರೆಂಟ್ ಎಷ್ಟು ಅಗಲ ಹರಡಬೇಕು ಅನ್ನೋದನ್ನ ಲೈನಿನ ಎತ್ತರವೇ ತೀರ್ಮಾನ ಮಾಡಿಬಿಡತ್ತೆ. ಮಣ್ಣು ಕೆಟ್ಟದಾದ್ರೆ ಆಳ ಮಾತ್ರ ಜಾಸ್ತಿ ಆಗತ್ತೆ, ಅಗಲ ಆಗಲ್ಲ. ಅಂದ್ರೆ ಹತ್ತು ಪಟ್ಟು ಕೆಟ್ಟ ಮಣ್ಣಿಗೆ ಜಾಗ 3.16 ಪಟ್ಟು ಮಾತ್ರ ಸಿಕ್ತು, ಉಳಿದ 3.16 ಪಟ್ಟು ರೆಸಿಸ್ಟೆನ್ಸ್ ಮೇಲೆ ಬಿತ್ತು. ಸಂಖ್ಯೆ ನೋಡಿ: 15 ಮೀಟರ್ ಎತ್ತರದ ವೈರು, 100 ಓಮ್-ಮೀಟರ್ ಮಣ್ಣು, 1 ಮೆಗಾಹರ್ಟ್ಜ್, ಕಿಲೋಮೀಟರ್‌ಗೆ 210 ಓಮ್ ಹತ್ರ ಬರತ್ತೆ. 50 ಹರ್ಟ್ಜ್‌ಗೆ 0.05 ಇದ್ದಿದ್ದು! ಮೂರು ಕಿಲೋಮೀಟರ್ ಹೋಗೋದ್ರಲ್ಲಿ ಆ ಫ್ರೀಕ್ವೆನ್ಸಿ ಅರ್ಧ ಆಗಿರತ್ತೆ. ದೂರದಲ್ಲಿ ಬಿದ್ದ ಸಿಡಿಲಿನ ಸರ್ಜು ಸ್ಟೇಷನ್‌ಗೆ ಬರೋ ಹೊತ್ತಿಗೆ ಮೆತ್ತಗಾಗಿರೋದಕ್ಕೆ ಮಣ್ಣೂ ಒಂದು ಕಾರಣ, ಕೊರೋನಾ (ವೈರ್ ಸುತ್ತಲ ಗಾಳಿಯಲ್ಲಾಗೋ ಡಿಸ್ಚಾರ್ಜ್) ಇನ್ನೊಂದು. ಅಂದ್ರೆ ಸಿಡಿಲಿನ ದೃಷ್ಟಿಯಿಂದ ಕೆಟ್ಟ ಮಣ್ಣು ಟ್ರಾನ್ಸ್‌ಫಾರ್ಮರ್‌ಗೆ ಉಪಕಾರನೇ ಮಾಡತ್ತೆ, ಟವರ್ ಫೂಟಿಂಗಲ್ಲಿ ಅದರ ಹತ್ತರಷ್ಟು ಅಪಕಾರ ಮಾಡತ್ತೆ, ಅದು ಬೇರೆ ಮಾತು.

ಇನ್ನೂ ಮೇಲಿನ ಫ್ರೀಕ್ವೆನ್ಸಿಗೆ ಹೋದ್ರೆ ಬಂಡೆ ಮಣ್ಣು ಕಂಡಕ್ಟರ್ ಥರ ಇರೋದು ಬಿಟ್ಟು ಕೆಪಾಸಿಟರ್ ಥರ ಆಡೋಕೆ ಶುರು ಮಾಡತ್ತೆ. 1000 ಓಮ್-ಮೀಟರ್, ಪರ್ಮಿಟಿವಿಟಿ (ಕೆಪಾಸಿಟರ್ ಥರ ಆಡೋ ಗುಣದ ಅಳತೆ) ಗಾಳಿಯ ಹತ್ತು ಪಟ್ಟು ಅಂತ ತಗೊಂಡ್ರೆ ಆ ಗಡಿ 1.8 ಮೆಗಾಹರ್ಟ್ಜ್. ಕಾರ್ಸನ್ ಲೆಕ್ಕದಲ್ಲಿ ಇದು ಇಲ್ಲ. ಚೂಪಾದ ಸರ್ಜ್ ಸ್ಟಡಿ ಮಾಡೋವಾಗ ಬಿಟ್ರೆ ನಿಮಗೆ ಬೇಕಾಗಲ್ಲ.

ಕ್ಯಾರಿಯರ್ ಬಗ್ಗೆ ಒಂದು ತಪ್ಪು ತಿಳುವಳಿಕೆ ಸರಿ ಮಾಡಿಬಿಡ್ತೀನಿ, ನಿಮ್ಮ ಸೀನಿಯರ್ಸೂ ಹೇಳ್ತಿರಬಹುದು. ಪಿಎಲ್‌ಸಿಸಿ, ಅಂದ್ರೆ ಈ ಕ್ಯಾರಿಯರ್ ವ್ಯವಸ್ಥೆನ, ಒಂದು ಫೇಸಿಗೂ ನೆಲಕ್ಕೂ ಮಧ್ಯೆ ಕಪಲ್ ಮಾಡಿದೀವಿ, ಆದ್ದರಿಂದ ಸಿಗ್ನಲ್ ಮಣ್ಣಲ್ಲಿ ವಾಪಸ್ ಬರತ್ತೆ, ಮಣ್ಣು ಒಣಗಿದ್ರೆ ಸಿಗ್ನಲ್ ಬೀಳತ್ತೆ, ಅಂತ. ಶುರುವಿನಲ್ಲಿ ಸ್ವಲ್ಪ ಭಾಗ ಗ್ರೌಂಡ್ ಮೋಡಿಗೆ ಹೋಗತ್ತೆ ನಿಜ, ಆದ್ರೆ ನೂರಾರು ಕಿಲೋಹರ್ಟ್ಜ್‌ನಲ್ಲಿ ಅದು ಕೆಲವೇ ಕಿಲೋಮೀಟರ್‌ಗೆ ಸತ್ತುಹೋಗತ್ತೆ. ಆ ತುದಿ ಮುಟ್ಟೋದು ಏರಿಯಲ್ ಮೋಡಿನ ಪಾಲು. ಮೂರು ಫೇಸ್ ಅಡ್ಡಡ್ಡ ಇರೋ ಲೈನಲ್ಲಿ ಮಧ್ಯದ ಫೇಸಿಗೇ ಕಪಲ್ ಮಾಡಿ ಅನ್ನೋದು ಇದಕ್ಕೇ, ಮಧ್ಯದಲ್ಲಿ ಹೋಗಿ ಎರಡೂ ಪಕ್ಕದ ಫೇಸಲ್ಲಿ ವಾಪಸ್ ಬರೋ ಮೋಡಿಗೆ ಸವೆತ ಎಲ್ಲಕ್ಕಿಂತ ಕಮ್ಮಿ. ಟ್ರಾವೆಲಿಂಗ್ ವೇವ್ ಫಾಲ್ಟ್ ಲೊಕೇಟರ್‌ಗಳೂ ಅದೇ ಕಾರಣಕ್ಕೆ ಏರಿಯಲ್ ಮೋಡನ್ನೇ ಸೋಸಿ ತಗೊಂಡು ಟೈಮ್ ನೋಡೋದು, ಮೈಕ್ರೋಸೆಕೆಂಡಿಗೆ ಮುನ್ನೂರು ಮೀಟರ್, ಕೆಳಗೆ ಏನಿದೆ ಅಂತ ಕೇಳೋ ಅಗತ್ಯನೇ ಇಲ್ಲ. ಆ ರಾತ್ರಿ ನನ್ನ ಹತ್ರ ಅಂಥದೊಂದು ಇದ್ದಿದ್ರೆ ಹದಿಮೂರು ಟವರ್ ಹತ್ತೋದು ತಪ್ತಿತ್ತು.

ಈಗ ಬೇಸಿಗೆ-ಮಳೆಗಾಲ. ಇದರ ಉತ್ತರ ನೀವೇ ಹೇಳಬಹುದು ಇಷ್ಟೊತ್ತಿಗೆ. ಜೋರು ಮಳೆ ಬಂದ್ರೂ ಒದ್ದೆ ಒಣಗು ಬದಲಾಗೋದು ಮೇಲಿನ ಒಂದೆರಡು ಮೀಟರ್. 50 ಹರ್ಟ್ಜ್ ಕರೆಂಟಿಗೆ 700 ಮೀಟರ್‌ನಲ್ಲಿ ಅದು ದೋಸೆ ಮೇಲಿನ ತುಪ್ಪ. ಕೆ-ಜೀರೋ ಸೀಸನ್‌ಗೆ ಬದಲಾಯಿಸಬೇಕಾ ಅಂತ ಒಬ್ಬರು ಸೀರಿಯಸ್ಸಾಗಿ ಕೇಳಿದ್ರು ಒಂದ್ಸಲ, ಬೇಡ. ಮೆಗಾಹರ್ಟ್ಜ್ ಸರ್ಜಿಗೆ ಐದು ಮೀಟರ್‌ನಲ್ಲಿ ಒಂದೆರಡು ಮೀಟರ್ ಅಂದ್ರೆ ಗಣನೆಗೆ ಬರತ್ತೆ. ಟವರ್ ಫೂಟಿಂಗ್‌ಗೂ ಸ್ಟೇಷನ್ ಅರ್ಥ್ ಪಿಟ್‌ಗೂ ಅಂತೂ ಮೇಲಿನ ಮಣ್ಣೇ ಎಲ್ಲಾ. ಜನ ಗೊಂದಲ ಮಾಡ್ಕೊಳೋದು ಇಲ್ಲೇ. ಪಿಟ್‌ಗೆ ಇದ್ದಿಲು ಉಪ್ಪು ಹಾಕಿ ನೀರು ಬಿಟ್ರೆ ಪಿಟ್ ರೆಸಿಸ್ಟೆನ್ಸ್ ಇಳಿಯತ್ತೆ, ಒಳ್ಳೇದು, ಆದ್ರೆ ಅದರಿಂದ ಲೈನಿನ ಜೀರೋ ಸೀಕ್ವೆನ್ಸ್ ಇಂಪಿಡೆನ್ಸ್ (ರೆಸಿಸ್ಟೆನ್ಸ್, ರಿಯಾಕ್ಟೆನ್ಸ್ ಸೇರಿದ ಒಟ್ಟು ಅಡ್ಡಿ) ಒಂದು ಕೂದಲೂ ಅಲ್ಲಾಡಲ್ಲ. ಎರಡಕ್ಕೂ ಅರ್ಥ್ ಅಂತ ಹೆಸರಿಟ್ಟಿದ್ದೇ ತಪ್ಪು.

ಮಣ್ಣು ಅಳೆಯೋದೂ ಹಂಗೇ. ನಾಲ್ಕು ಪಿನ್ ಹೊಡೆದು ಅಳೆಯೋ ವೆನ್ನರ್ ಟೆಸ್ಟ್ ನೀವು ಮಾಡಿರ್ತೀರ, ಪಿನ್ ನಡುವಿನ ಅಂತರ ಎಷ್ಟೋ ಹೆಚ್ಚುಕಮ್ಮಿ ಅಷ್ಟೇ ಆಳದ ಮಣ್ಣು ಅದಕ್ಕೆ ಕಾಣೋದು. ಸ್ಟೇಷನ್ ಕಟ್ಟೋವಾಗ ಎರಡು ಮೀಟರ್, ಐದು ಮೀಟರ್, ಹತ್ತು ಮೀಟರ್ ಅಂತರದಲ್ಲಿ ತೆಗೆದ ರೀಡಿಂಗನ್ನ ತಂದು ಲೈನ್ ಪ್ಯಾರಾಮೀಟರ್ ಬಾಕ್ಸಿಗೆ ಹಾಕೋದನ್ನ ಎಷ್ಟು ಸಲ ನೋಡಿದೀನೋ. ನಮ್ಮ ಬಂಡೆ ಸೀಮೆಲಿ ಅಂತರ ಜಾಸ್ತಿ ಮಾಡ್ತಾ ಹೋದಂಗೆ ರೀಡಿಂಗ್ ಏರ್ತಾನೇ ಹೋಗತ್ತೆ, ಎಲ್ಲಿ ನಿಲ್ಲತ್ತೋ ನೋಡೋಣ ಅಂತ ಟೇಪ್ ಎಳ್ಕೊಂಡು ಹೋಗ್ತಾ ಹೋಗ್ತಾ ರಾಗಿ ಹೊಲ ದಾಟಿ ಪಕ್ಕದ ಲೇಔಟಿನ ಕಾಂಪೌಂಡ್ ಗೋಡೆ ಬರತ್ತೆ, ಅಲ್ಲಿಗೆ ಟೆಸ್ಟ್ ಮುಗೀತು. ವಿಜಯಪುರ, ಕಲಬುರಗಿ ಕಡೆ ಎರೆಮಣ್ಣಲ್ಲಿ ಪಿನ್ ಬೆಣ್ಣೆಲಿ ಇಳಿದಂಗೆ ಇಳಿಯತ್ತೆ, ಓಮ್ ಕಮ್ಮಿ, ಖುಷಿ ಆಗತ್ತೆ, ಆದ್ರೆ ಅಲ್ಲೂ ಕೆಳಗೆ ಕಪ್ಪು ಬಸಾಲ್ಟ್ ಕೂತಿದೆ ಅನ್ನೋದು ಮರೀಬಾರದು.

ನೀವು ಕೇಳದೇ ಇದ್ರೂ ಇದೊಂದು ಹೇಳ್ತೀನಿ, ಯಾಕಂದ್ರೆ 50 ಹರ್ಟ್ಜ್‌ನಲ್ಲಿ ಮಣ್ಣು ಎಲ್ಲಕ್ಕಿಂತ ಜಾಸ್ತಿ ಆಟ ಆಡೋದು ಇಲ್ಲೇ. ಲೈನಿನ ಪಕ್ಕದಲ್ಲಿ ದೂರದವರೆಗೂ ಜೊತೇಲಿ ಓಡೋ ಪೈಪು ಅಥವಾ ಟೆಲಿಫೋನ್ ಕೇಬಲ್ಲು. ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕಾವೇರಿ ನೀರು ತರೋ ಉಕ್ಕಿನ ಪೈಪ್‌ಗಳನ್ನ ನೆನೆಸ್ಕೊಳಿ. ಅಂಥ ಪೈಪು ಲೈನಿಂದ 200 ಮೀಟರ್ ದೂರದಲ್ಲಿದ್ರೆ, ಪ್ರತಿ 1000 ಆಂಪಿಯರ್ ನೆಲದ ಫಾಲ್ಟಿಗೆ ಅದರ ಮೇಲೆ ಕಿಲೋಮೀಟರಿಗೆ ಹುಟ್ಟೋ ವೋಲ್ಟೇಜು 100 ಓಮ್-ಮೀಟರ್‌ಗೆ ಸುಮಾರು 110 ವೋಲ್ಟ್, 1000ಕ್ಕೆ 175 ವೋಲ್ಟ್ ಹತ್ರ. ಲೈನಿನ ಸ್ವಂತ ಇಂಪಿಡೆನ್ಸ್‌ನಲ್ಲಿ ಹತ್ತು ಪರ್ಸೆಂಟ್ ವ್ಯತ್ಯಾಸ ಮಾಡಿದ ಅದೇ ಮಣ್ಣು ಇಲ್ಲಿ ಅರವತ್ತು ಪರ್ಸೆಂಟ್ ಮಾಡ್ತು. ಪೈಪ್ ವಾಲ್ವ್ ಮುಟ್ಟಿಕೊಂಡು ನಿಂತವನ ಲೆಕ್ಕ ಇದು, ಇಲ್ಲಿ 100 ಹಾಕಿ ಕೈ ತೊಳ್ಕೊಳೋಕೆ ಆಗಲ್ಲ. ಅದೇ ಪೈಪು ಲೈನ್ ಕೆಳಗೇ ಬಂದ್ರೆ ವಾಪಸ್ ಕರೆಂಟಲ್ಲಿ ಪಾಲು ತಗೊಂಡು ಜೀರೋ ಸೀಕ್ವೆನ್ಸನ್ನೇ ಇಳಿಸಿಬಿಡತ್ತೆ, ಸಿಟಿ ಒಳಗಡೆ ಮೆಟ್ರೋ ಕಬ್ಬಿಣ, ಕೇಬಲ್ ಶೀತ್ (ಕೇಬಲಿನ ಲೋಹದ ಹೊದಿಕೆ) ಎಲ್ಲಾ ಸೇರಿ ಕಾರ್ಸನ್‌ನ ಒಂದೇ ಮಣ್ಣಿನ ಭೂಮಿ ಅನ್ನೋದು ಹುಡುಕಿದ್ರೂ ಸಿಗಲ್ಲ.

ಬಾಕ್ಸಿಗೆ ಏನು ಹಾಕೋದು ಅಂತ ತಾನೇ ಕೊನೆಗೆ ಉಳಿದಿದ್ದು. ಬೆಂಗಳೂರು ಸುತ್ತಿನ ಲೈನಿಗೆ 50 ಹರ್ಟ್ಜ್ ಕೆಲಸ ಆದ್ರೆ ನಾನು 100 ಹಾಕಲ್ಲ, 500ರಿಂದ 1000 ಮಧ್ಯೆ ಹಾಕಿ ಒಂದ್ಸಲ, 100 ಹಾಕಿ ಒಂದ್ಸಲ ಓಡಿಸಿ ನೋಡ್ತೀನಿ, ಎರಡರಲ್ಲೂ ಸೆಟ್ಟಿಂಗ್ ತಡ್ಕೊಳತ್ತೆ ಅಂದ್ರೆ ಮುಂದೆ ಹೋಗ್ತೀನಿ, ಇಲ್ಲಾಂದ್ರೆ ಔಟೇಜ್ ಕೇಳಿ ಲೈನನ್ನೇ ಅಳೆಸ್ತೀನಿ. ಸರ್ಜ್ ಸ್ಟಡಿ ಆದ್ರೆ ಮೇಲಿನ ಮಣ್ಣಿನ ರೀಡಿಂಗೇ ಸರಿ. ಔಟೇಜ್ ಸಿಗೋದು ಕಷ್ಟ ಗೊತ್ತು, ಆಗ ಹಳೇ ಫಾಲ್ಟ್ ರೆಕಾರ್ಡ್ ತೆಗೀರಿ. ನಿಜವಾದ ಜಾಗ ಗೊತ್ತಿರೋ, ಗ್ಯಾಂಗ್ ಹೋಗಿ ಕಣ್ಣಾರೆ ನೋಡಿ ಟವರ್ ನಂಬರ್ ಬರೆದಿಟ್ಟಿರೋ ನೆಲದ ಫಾಲ್ಟ್‌ಗಳು ನಾಲ್ಕೈದು ಸಿಕ್ಕಿದ್ರೂ ಸಾಕು. ಎಲ್ಲದರಲ್ಲೂ ರಿಲೇ ಒಂದೇ ಕಡೆಗೆ ತಪ್ಪು ತೋರಿಸ್ತಿದ್ರೆ, ಫೇಸ್-ಫೇಸ್ ಫಾಲ್ಟ್‌ನಲ್ಲಿ ಮಾತ್ರ ಸರಿಯಾಗಿ ತೋರಿಸ್ತಿದ್ರೆ, ಮೊದಲು ಆ ಕೆ-ಜೀರೋ ನೋಡಿ. ಮತ್ತೆ ಲೈನ್ ಹೋಗೋ ಊರುಗಳಲ್ಲಿ ಬೋರ್‌ವೆಲ್ ರಿಗ್‌ನವರು ಸಿಕ್ಕಿದ್ರೆ ಕೇಸಿಂಗ್ ಎಷ್ಟು ಅಡಿ ಹೋಯ್ತು ಅಂತ ಕೇಳಿ ಬರ್ಕೊಳಿ, ನಲವತ್ತು ಅಡಿ ಅಂದ್ರೆ ಒಂದು ಲೆಕ್ಕ, ಇನ್ನೂರು ಅಡಿ ಅಂದ್ರೆ ಇನ್ನೊಂದು.